ಹೆಪ್ಪು ಹಂಚಿಕೊಂಡ ರೋಗಾಣುಗಳು

1955ರಲ್ಲಿ ಹಾಂಗ್‌ಕಾಂಗ್‌ನಿಂದ ಜಪಾನಿಗೆ ಮರಳಿದ ಮಹಿಳೆಯೊಬ್ಬರಿಗೆ ಆಮಶಂಕೆ ಹಿಡಿದಿತ್ತು. ಜಪಾನಿಗೆ ಈ ಕಾಯಿಲೆ ಹೊಸದೇನಲ್ಲ. 1897ರ ಸಾಂಕ್ರಾಮಿಕದ ವೇಳೆ ಇದರ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದವರೇ ಜಪಾನಿನ ಕಿಯೋಶಿ ಶಿಗಾ. ‘ಶಿಗೆಲ್ಲಾ’ ಎಂಬ ಹೆಸರು ಬಂದದ್ದೂ ಅವರಿಂದಲೇ. ಹೊಸದೆಂದರೆ, ಈ ಮಹಿಳೆಯಲ್ಲಿ ಸಿಕ್ಕ ಶಿಗೆಲ್ಲಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಜಗ್ಗಲಿಲ್ಲ.

ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಆಮಶಂಕೆಗೆ ಮೊದಲು ಕೊಡುತ್ತಿದ್ದುದು ಸಲ್ಫಾ. ಕೆಲವೇ ವರ್ಷಗಳಲ್ಲಿ ಅದು ನಾಟದಾಯಿತು. ಅಷ್ಟರಲ್ಲಿ ಉಳಿದ ಮೂರು ಔಷಧಗಳು ಕೈಗೆ ಬಂದಿದ್ದವು. ಒಂದಕ್ಕೆ ರೋಗಾಣು ಒಗ್ಗಿಕೊಂಡರೆ ಮತ್ತೊಂದು ಇದ್ದೇ ಇದೆಯಲ್ಲ!

ಆ ಧೈರ್ಯಕ್ಕೆ ಲೆಕ್ಕದ ಬೆಂಬಲವೂ ಇತ್ತು. ಬ್ಯಾಕ್ಟೀರಿಯಾ ಇಬ್ಭಾಗವಾಗಿ ಬೆಳೆಯುವಾಗ ಅಪರೂಪಕ್ಕೊಮ್ಮೆ ವಂಶವಾಹಿಯ ನಕಲಿನಲ್ಲಿ ತಪ್ಪಾಗುತ್ತದೆ. ಆ ತಪ್ಪೇ ಕೆಲವೊಮ್ಮೆ ಔಷಧದಿಂದ ಪಾರಾಗುವ ದಾರಿ. ಇಂಥದು ಕೋಟಿಗೊಂದು ಎಂದಿಟ್ಟುಕೊಳ್ಳಿ. ನಾಲ್ಕು ಔಷಧಗಳನ್ನು ಗೆಲ್ಲುವ ನಾಲ್ಕು ತಪ್ಪುಗಳು ಒಂದೇ ಜೀವಕೋಶದಲ್ಲಿ ಒಟ್ಟಿಗೆ ಘಟಿಸಬೇಕಾದರೆ, ಒಂದರ ಮುಂದೆ 28 ಸೊನ್ನೆ ಬರೆದಷ್ಟರಲ್ಲಿ ಒಂದು ಆದೀತು. ಅಂದರೆ ಆಗುವುದೇ ಇಲ್ಲ.

ಆದರೆ ಆಗುತ್ತಿತ್ತು. 1957ರಿಂದೀಚೆಗೆ ಇಂಥ ರೋಗಿಗಳು ಹೆಚ್ಚುತ್ತಲೇ ಹೋದರು. ಒಂದೇ ಸಾಂಕ್ರಾಮಿಕದಲ್ಲಿ ಕೆಲವರ ಶಿಗೆಲ್ಲಾ ಯಾವ ಔಷಧಕ್ಕಾದರೂ ಸಾಯುತ್ತಿತ್ತು, ಕೆಲವರದು ನಾಲ್ಕಕ್ಕೂ ಬಗ್ಗುತ್ತಿರಲಿಲ್ಲ. ಒಂದೇ ಔಷಧ ಪಡೆದ ರೋಗಿಯಲ್ಲೂ ನಾಲ್ಕನ್ನೂ ಎದುರಿಸುವ ರೋಗಾಣು ಕಾಣಿಸುತ್ತಿತ್ತು.

ಸುಳಿವು ಸಿಕ್ಕಿದ್ದು ನಮ್ಮೆಲ್ಲರ ಕರುಳಿನಲ್ಲಿ ಸಾಮಾನ್ಯವಾಗಿ ಯಾವ ತಂಟೆಯನ್ನೂ ಮಾಡದೆ ಬದುಕುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ. ಹಲವು ರೋಗಿಗಳ ಇ. ಕೋಲಿಯೂ ಅದೇ ನಾಲ್ಕು ಔಷಧಗಳನ್ನು ಜೀರ್ಣಿಸಿಕೊಂಡಂತಿತ್ತು. ಹಾಗಾದರೆ ಒಂದು ಇನ್ನೊಂದಕ್ಕೆ ವಿದ್ಯೆ ಹೇಳಿಕೊಟ್ಟಿತೇ? 1959ರಲ್ಲಿ ಅಕಿಬಾ ಮತ್ತು ಒಚಿಯಾಯ್ ಅವರ ತಂಡಗಳು ಎರಡೂ ಜಾತಿಗಳನ್ನು ಒಟ್ಟಿಗೆ ಬೆಳೆಸಿ ನೋಡಿದವು. ಔಷಧಕ್ಕೆ ಸಾಯುತ್ತಿದ್ದ ಬ್ಯಾಕ್ಟೀರಿಯಾ ಪಕ್ಕದವರ ಸಹವಾಸದಿಂದ ನಾಲ್ಕನ್ನೂ ಗೆದ್ದು ನಿಂತಿತು. ದೇಹಕ್ಕೆ ದೇಹ ತಾಗಿದರೆ ಮಾತ್ರ ಈ ವರ್ಗಾವಣೆ ನಡೆಯುತ್ತದೆ ಎಂಬುದೂ ಗೊತ್ತಾಯಿತು.

ಹೀಗೆ ದಾಟುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆ. ಅಮೆರಿಕದ ಜೋಶುವಾ ಲೆಡರ್‌ಬರ್ಗ್ 1952ರಲ್ಲೇ ಆ ಪದ ಟಂಕಿಸಿದ್ದರು. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದಂತೆ ಇದು. ಕೊಟ್ಟವರ ಮೊಸರಿಗೆ ಕೊರತೆಯಿಲ್ಲ, ತಂದವರ ಪಾತ್ರೆಯೂ ತುಂಬುತ್ತದೆ. ಕೊಡುವ ಬ್ಯಾಕ್ಟೀರಿಯಾ ತನ್ನದೊಂದು ಪ್ರತಿ ಇಟ್ಟುಕೊಂಡೇ ಇನ್ನೊಂದನ್ನು ದಾಟಿಸುತ್ತದೆ. ಒಂದೇ ಬಳೆಯಲ್ಲಿ ನಾಲ್ಕೈದು ಔಷಧಗಳ ಪ್ರತಿವಿದ್ಯೆ ಇರುವುದರಿಂದ, ಒಂದು ಔಷಧ ಬಳಸಿದರೂ ಇಡೀ ಗಂಟು ಉಳಿದು ಬೆಳೆಯುತ್ತದೆ. ಉಳಿದ ಮಾತ್ರೆಯನ್ನು ನೆರೆಯವರಿಗೆ ಕೊಡುವ ನಮ್ಮ ಔದಾರ್ಯಕ್ಕೆ ಬ್ಯಾಕ್ಟೀರಿಯಾಗಳ ಈ ಔದಾರ್ಯ ಸರಿಜೋಡಿ!

ಈ ಸಂಶೋಧನೆಗಳು ಬಹುಪಾಲು ಜಪಾನೀ ಭಾಷೆಯಲ್ಲೇ ಪ್ರಕಟವಾಗಿದ್ದವು. ಟೋಕಿಯೊದ ಕೈಯೋ ವಿಶ್ವವಿದ್ಯಾಲಯದ ತ್ಸುತೋಮು ವಾತನಾಬೆ 1963ರಲ್ಲಿ ಇಂಗ್ಲಿಷಿನಲ್ಲಿ ಸಮೀಕ್ಷೆ ಬರೆದ ಮೇಲೆ ಪಶ್ಚಿಮದವರು ಕಣ್ಣರಳಿಸಿದರು.

ಅಪಾಯ ನಮ್ಮ ನೆರೆಗೂ ಬಂತು. 1972ರಲ್ಲಿ ಕಲ್ಲಿಕೋಟೆಯಲ್ಲಿ ಟೈಫಾಯಿಡ್ ಹಬ್ಬಿದಾಗ ಕ್ಲೋರಾಂಫೆನಿಕಾಲ್ ಕೈಕೊಟ್ಟಿತು. 1948ರಿಂದ ಟೈಫಾಯಿಡಿಗೆ ರಾಮಬಾಣವೆನಿಸಿದ್ದ ಔಷಧ ಅದು. ಈ ನಿರೋಧಶಕ್ತಿ ಬೇರೆ ಬ್ಯಾಕ್ಟೀರಿಯಾಕ್ಕೂ ದಾಟಬಲ್ಲದು ಎಂದು ಅಲ್ಲಿನ ಸಂಶೋಧಕರು ತೋರಿಸಿದರು. ಅದೇ ವರ್ಷ ಮೆಕ್ಸಿಕೊದಲ್ಲೂ ಇದೇ ಕಥೆ. ಅಲ್ಲಿ ಕಾಯಿಲೆ ಬಿದ್ದವರು 10,000ಕ್ಕೂ ಹೆಚ್ಚು.

ಔಷಧವನ್ನೇ ಮುಟ್ಟದವರ ಗತಿಯೇನು? ಇದನ್ನು ಪರೀಕ್ಷಿಸಿದವರು ಬಾಸ್ಟನ್ನಿನ ಸ್ಟುವರ್ಟ್ ಲೆವಿ. ಒಂದು ಕೋಳಿ ಸಾಕಣೆಯ ಮನೆಯಲ್ಲಿ ಕೋಳಿಗಳ ಮೇವಿಗೆ ಟೆಟ್ರಾಸೈಕ್ಲಿನ್ ಬೆರೆಸಲಾಯಿತು. ವಾರದೊಳಗೆ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳು ಬಹುತೇಕ ಆ ಔಷಧಕ್ಕೆ ಬಗ್ಗದಂತಾದವು. ಐದಾರು ತಿಂಗಳಲ್ಲಿ ಆ ಮನೆಯವರ ವಾರದ ಮಲದ ಮಾದರಿಗಳಲ್ಲಿ ಶೇ 31.3ರಷ್ಟರಲ್ಲಿ, ಹತ್ತಕ್ಕೆ ಎಂಟಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಅಂಥವೇ ಆಗಿದ್ದವು. ಅಕ್ಕಪಕ್ಕದವರಲ್ಲಿ ಇದು ಶೇ 6.8 ಮಾತ್ರ. 1976ರಲ್ಲಿ ಈ ವರದಿ ಪ್ರಕಟವಾಯಿತು. ಆದರೂ ಅಮೆರಿಕದ ಕೋಳಿ ಮೇವಿನಿಂದ ಔಷಧ ಅಷ್ಟು ಬೇಗ ಕದಲಲಿಲ್ಲ.

ಕೊನೆಯ ಅಸ್ತ್ರವೆಂದು ವೈದ್ಯರು ಕಾಯ್ದಿಟ್ಟುಕೊಂಡಿದ್ದ ಕೊಲಿಸ್ಟಿನ್ ಔಷಧದ ಸರದಿ ನಂತರ ಬಂತು. ಅದನ್ನೂ ಸೋಲಿಸುವ ಪ್ಲಾಸ್ಮಿಡ್ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಸಿಕ್ಕಿದ ಸುದ್ದಿ ಹೊರಬಿದ್ದದ್ದು 2015ರ ನವೆಂಬರಿನಲ್ಲಿ. ಕೋಳಿ, ಜಾನುವಾರು, ಮೀನು ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು ಭಾರತ ನಿಷೇಧಿಸಿದ್ದು 2019ರ ಜುಲೈಯಲ್ಲಿ.