ಏಡನ್‌ನ ಮಸಾಲೆ ಚಹಾ: ಮಾಡುವುದು ಹೇಗೆ, ಕುಡಿಯುವುದು ಯಾವಾಗ?

ಯೆಮನ್ ದೇಶದ ಬಂದರು ನಗರ ಏಡನ್‌ನ ಹೆಸರು ಹೊತ್ತ ಚಹಾ ‘ಶಾಹಿ ಅದನಿ’. ಏಲಕ್ಕಿ, ಲವಂಗ ಹಾಕಿ ಹಾಲಿನೊಂದಿಗೆ ಕುದಿಸಿದ ಇದನ್ನು ಕುಡಿದರೆ ನಮಗೆ ನಮ್ಮ ಮಸಾಲೆ ಚಹಾವೇ ನೆನಪಾಗುತ್ತದೆ. 1839ರಲ್ಲಿ ಬ್ರಿಟಿಷರ ವಶವಾದ ಏಡನ್, 1937ರವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತಕ್ಕೆ ಸೇರಿತ್ತು. ಕೊಲ್ಲಿ ದೇಶಗಳ ‘ಕರಕ್’ ಚಹಾ ಇದರ ಹತ್ತಿರದ ನೆಂಟ. ನಾವು ‘ಖಡಕ್ ಚಹಾ’ ಎನ್ನುವಾಗ ಬಳಸುವ ಪದವೇ ಅಲ್ಲಿ ‘ಕರಕ್’ ಆಗಿದೆ.

ಮಾಡುವ ವಿಧಾನ

ನಾಲ್ಕು ಸಣ್ಣ ಲೋಟಗಳಿಗೆ ಅರ್ಧ ಲೀಟರ್ ನೀರು, ಐದು ಏಲಕ್ಕಿ, ಮೂರು ಲವಂಗ, ಎರಡು ಚಮಚ ಚಹಾಪುಡಿ ಸಾಕು. ಬೇಕಿದ್ದರೆ ಚಿಟಿಕೆ ಜಾಯಿಕಾಯಿ ಪುಡಿ ಸೇರಿಸಬಹುದು. ಏಲಕ್ಕಿ, ಲವಂಗಗಳನ್ನು ಆಗಲೇ ಜಜ್ಜಿ ಹಾಕಬೇಕು. ಅವುಗಳ ಪರಿಮಳವಿರುವುದು ಬೇಗ ಆವಿಯಾಗುವ ಎಣ್ಣೆಗಳಲ್ಲಿ. ಮೊದಲೇ ಪುಡಿ ಮಾಡಿಟ್ಟರೆ ಅದು ಹಾರಿಹೋಗುತ್ತದೆ. ಪಾತ್ರೆಗೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಚಹಾಪುಡಿ ಹಾಕಿ ಮತ್ತೆ ಮೂರು ನಿಮಿಷ ಬಿಡಿ. ಕೊನೆಗೆ ಸಕ್ಕರೆ ಮತ್ತು ಡಬ್ಬಿಯ ಗಟ್ಟಿ ಹಾಲು ಬೆರೆಸಿ, ಒಂದು ಕುದಿ ಬಂದ ಮೇಲೆ ಸೋಸಿ.

ಈ ಗಟ್ಟಿ ಹಾಲು ಅರ್ಧಕ್ಕಿಂತ ಹೆಚ್ಚು ನೀರು ತೆಗೆದ, ಸಕ್ಕರೆ ಸೇರಿಸದ ಹಾಲು. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಹಾಲಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ರುಚಿ ಮೃದುವಾಗುತ್ತದೆ. ಡಬ್ಬಿ ಹಾಲು ಸಿಗದಿದ್ದರೆ ಮನೆಯ ಹಾಲನ್ನೇ ಅರ್ಧಕ್ಕೆ ಇಳಿಯುವವರೆಗೆ ಕಾಯಿಸಿಕೊಳ್ಳಬಹುದು.

ಕೊಡುವ ರೀತಿ

ಇದನ್ನು ಚಿಕ್ಕ ಗಾಜಿನ ಲೋಟದಲ್ಲಿ, ರೊಟ್ಟಿಯ ಜೊತೆ ಕೊಡುವುದು ವಾಡಿಕೆ. ಅರಬ್ ಮನೆಗಳಲ್ಲಿ ಬಲಗೈಯಿಂದ ಕೊಟ್ಟು ಬಲಗೈಯಿಂದಲೇ ಪಡೆಯುವುದು ಮರ್ಯಾದೆ.

ಊಟವಾದ ತಕ್ಷಣ ಕುಡಿಯಬಹುದೇ?

ಮಸಾಲೆ ಚಹಾ ಊಟವನ್ನು ಅರಗಿಸುತ್ತದೆ, ಹಾಗಾಗಿ ಕೈ ತೊಳೆದ ಕೂಡಲೇ ಕುಡಿಯಬೇಕು ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಬೇಳೆ, ಧಾನ್ಯಗಳಲ್ಲಿರುವ ಕಬ್ಬಿಣಾಂಶಕ್ಕೆ ಅಂಟಿಕೊಂಡು, ದೇಹ ಅದನ್ನು ಹೀರಿಕೊಳ್ಳದಂತೆ ತಡೆಯುತ್ತವೆ. ಮಾಂಸದಲ್ಲಿರುವ ಕಬ್ಬಿಣಾಂಶಕ್ಕೆ ಈ ತೊಂದರೆ ಕಡಿಮೆ. ಹಾಲು ಬೆರೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಹಾಲಿನ ಕ್ಯಾಲ್ಸಿಯಂ ಕೂಡ ಸ್ವಲ್ಪ ಅಡ್ಡಿ ಮಾಡುತ್ತದೆ.

ಆರೋಗ್ಯವಂತರಿಗೆ ಒಂದೆರಡು ಲೋಟದಿಂದ ಚಿಂತೆಯಿಲ್ಲ. ರಕ್ತಹೀನತೆ ಇರುವವರು, ಗರ್ಭಿಣಿಯರು ಮತ್ತು ಮುಟ್ಟಿನ ಸಮಯದಲ್ಲಿ ಹೆಚ್ಚು ರಕ್ತಸ್ರಾವವಾಗುವವರು ಮಾತ್ರ ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡುವುದು ಒಳ್ಳೆಯದು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಲೇಬಾರದು.

ಇನ್ನೊಂದು ಎಚ್ಚರ ಬಿಸಿಯದ್ದು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಲೋಟಕ್ಕೆ ಸುರಿದ ಚಹಾ ಕೆಲವು ನಿಮಿಷ ಆರಲಿ. ನಾಲಿಗೆ ಸುಡದಷ್ಟು ಆರಿದರೆ ಏಲಕ್ಕಿಯ ರುಚಿಯೂ ಚೆನ್ನಾಗಿ ತಿಳಿಯುತ್ತದೆ.