ಹಿಮದ ಫೋಟೋ: ಬಿಳುಪು ಬೂದು ಆಗದಿರಲು ಏನು ಮಾಡಬೇಕು?

ಮನಾಲಿ, ಗುಲ್ಮಾರ್ಗ್ ಕಡೆ ಹೋಗಿ ಬಂದವರ ಆಲ್ಬಮ್‌ಗಳಲ್ಲಿ ಒಂದು ದೋಷ ಸಾಮಾನ್ಯ. ಕಣ್ಣು ಕೋರೈಸುವಂತಿದ್ದ ಹಿಮ ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಮುಂದೆ ನಿಂತ ಮನೆಮಂದಿಯ ಮುಖ ಗುರುತು ಸಿಗದಷ್ಟು ಕಪ್ಪಾಗಿರುತ್ತದೆ. 'ನಮ್ಮ ಬಣ್ಣವೇ ಹಾಗೆ' ಎಂದು ಹಿರಿಯರು ನಕ್ಕು ಸುಮ್ಮನಾಗುವುದುಂಟು. ಬಣ್ಣದ ತಪ್ಪು ಇದರಲ್ಲಿ ಏನೂ ಇಲ್ಲ. ತಪ್ಪಿರುವುದು ಕ್ಯಾಮೆರಾದ ಬೆಳಕಿನ ಲೆಕ್ಕ. ಜೀವಮಾನದಲ್ಲಿ ಒಮ್ಮೆ ಹೋಗುವ ಪ್ರವಾಸವಾದ್ದರಿಂದ ಹೊರಡುವ ಮುನ್ನವೇ ಇದನ್ನು ತಿಳಿದಿರುವುದು ಒಳ್ಳೆಯದು.

ಕ್ಯಾಮೆರಾದ ಮೀಟರ್ ಅಳೆಯುವುದು ಎದುರಿನ ವಸ್ತುವಿನಿಂದ ತಿರುಗಿ ಬರುವ ಬೆಳಕನ್ನು. ಅಲ್ಲಿರುವುದು ಹಿಮವೋ ಎಮ್ಮೆಯೋ ಎಂಬುದು ಹಳೆಯ ಮೀಟರ್‌ಗಳಿಗೆ ಗೊತ್ತೇ ಇರಲಿಲ್ಲ. ಎಲ್ಲ ದೃಶ್ಯವೂ ಸರಾಸರಿಯಲ್ಲಿ ನಡುಬೂದು ಎಂದೇ ಅದರ ನಂಬಿಕೆ. ಈ ನಡುಬೂದಿಗೆ ಛಾಯಾಗ್ರಾಹಕರು ಬಳಸುವ ಕಾರ್ಡು ಶೇ. 18ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಹೊಸದಾಗಿ ಬಿದ್ದ ಹಿಮ ಶೇ. 80ರಿಂದ 90ರಷ್ಟನ್ನು. ಬೆಳಕು ಹೆಚ್ಚಾಯಿತೆಂದು ಮೀಟರ್ ಕಡಿತ ಮಾಡುತ್ತದೆ. 18ರ ದುಪ್ಪಟ್ಟು 36, ಅದರ ದುಪ್ಪಟ್ಟು 72. ಒಂದು ದುಪ್ಪಟ್ಟಿಗೆ ಒಂದು 'ಸ್ಟಾಪ್' ಎನ್ನುತ್ತಾರೆ. ಅಂದರೆ ಸುಮಾರು ಎರಡು ಸ್ಟಾಪ್ ಬೆಳಕು ಖೋತಾ. 1983ರ ನಿಕಾನ್ ಎಫ್‌ಎ ಕ್ಯಾಮೆರಾದಿಂದ ಈಚೆಗೆ ದೃಶ್ಯವನ್ನು ಭಾಗ ಮಾಡಿ ಅಳೆಯುವ ಜಾಣ ಮೀಟರ್‌ಗಳು ಬಂದಿವೆ. ಆದರೂ ಫ್ರೇಮ್ ತುಂಬ ಹಿಮವಿದ್ದರೆ ಅವನ್ನೂ ಪೂರ್ತಿ ನಂಬುವಂತಿಲ್ಲ.

ಆದ್ದರಿಂದ ಕಡಿತವಾದ ಬೆಳಕನ್ನು ನಾವೇ ಸೇರಿಸಬೇಕು. ಬೆಳಕು ಹೆಚ್ಚಿದ್ದಲ್ಲಿ ಇನ್ನಷ್ಟು ಸೇರಿಸುವುದು ವಿಚಿತ್ರವೆನಿಸಬಹುದು, ಆದರೆ ಸರಿಯಾದ ದಾರಿ ಅದೇ. ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ಇರುತ್ತದೆ. ಬಿಸಿಲಿನಲ್ಲಿ ಬರೀ ಹಿಮವೇ ಇದ್ದರೆ ಪ್ಲಸ್ 1.5ರಿಂದ 2, ದೇವದಾರು ಮರ, ಬಂಡೆ, ಜನರೂ ಇದ್ದರೆ ಪ್ಲಸ್ 1. ಬಿಸಿಲಿನ ಝಳದಲ್ಲಿ ಪರದೆ ನೋಡಿ ನಿರ್ಧರಿಸುವುದು ಮೋಸ. ಹಿಸ್ಟೋಗ್ರಾಂ ನೋಡಿ: ಗುಡ್ಡೆ ಬಲಕ್ಕೆ ಸರಿದಿರಬೇಕು, ಅಂಚಿಗೆ ಒತ್ತಿಕೊಂಡಿರಬಾರದು. ಒತ್ತಿಕೊಂಡಿದ್ದರೆ ಹಿಮದ ನಯ, ಹೆಜ್ಜೆ ಗುರುತು ಎಲ್ಲ ಅಳಿಸಿಹೋಗುತ್ತವೆ. ಆಮೇಲೆ ಯಾವ ಸ್ಟುಡಿಯೋದವರೂ ತಂದುಕೊಡಲಾರರು. ಕೊಂಚ ಇಳಿಸಿ ಮತ್ತೊಂದು ತೆಗೆಯಿರಿ.

ಫೋನ್ ಆದರೆ ಪರದೆಯಲ್ಲಿ ಮುಖದ ಮೇಲೆ ಬೆರಳಿಡಿ. ಬಹುತೇಕ ಫೋನ್‌ಗಳಲ್ಲಿ ಸೂರ್ಯನಂಥ ಗುರುತು ಅಥವಾ ಗೆರೆ ಕಾಣುತ್ತದೆ, ಅದನ್ನು ಸರಿಸಿ ಬೆಳಕು ಏರಿಸಿ. ಸೂರ್ಯ ಬೆನ್ನ ಹಿಂದಿದ್ದರೆ ಹಗಲಾದರೂ ಫ್ಲಾಷ್ ಹಾಕುವುದು ಮೇಲು. ನೆರಳಿನ ಹಿಮ ನೀಲಿಯಾಗಿ ಬಂದರೆ ಅದು ಎಕ್ಸ್‌ಪೋಷರ್ ದೋಷವಲ್ಲ. ಅಲ್ಲಿ ಬೀಳುವುದು ನೀಲಿ ಆಕಾಶದ ಬೆಳಕು. ಹಿಮ ಬಿಟ್ಟು ಹೋಟೆಲಿಗೆ ಬಂದ ಮೇಲೆ ಪ್ಲಸ್ಸನ್ನು ಸೊನ್ನೆಗೆ ತರುವುದನ್ನು ಮರೆಯುವವರೇ ಹೆಚ್ಚು.

ಅಭ್ಯಾಸಕ್ಕೆ ಹಿಮವೇ ಬೇಕೆಂದಿಲ್ಲ. ಆದೋನಿ ಮಾರುಕಟ್ಟೆಯ ಹತ್ತಿ ರಾಶಿಯೂ ಮೀಟರನ್ನು ಹೀಗೆಯೇ ದಾರಿ ತಪ್ಪಿಸುತ್ತದೆ. ಬಿಸಿಲಿಗೆ ಒಣಗಿಸಿದ ಬಿಳಿ ಪಂಚೆಯಾದರೂ ಸಾಕು. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲುಗಾವಲಿನ ಮೇಲೆ ಹೆಪ್ಪುಗಟ್ಟುವ ಇಬ್ಬನಿಗೆ ಮಾತ್ರ ಅರ್ಧದಿಂದ ಒಂದು ಸ್ಟಾಪ್ ಸಾಕು, ನಡುನಡುವೆ ಹುಲ್ಲು ಕಾಣುತ್ತಿರುತ್ತದೆ. ಬಿಸಿಲೇರುವ ಮೊದಲೇ ಹೋಗಬೇಕು.