ಬರೀ 256 ಅಂದರೆ ಏನರ್ಥ?

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯೊಂದಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಅದರಲ್ಲಿ 256 ಅನ್ನೋ ಸಂಖ್ಯೆ ಇದೆ. ಏನು 256 ಅಂತ ಮಾತ್ರ ಕೊರೆದಿಲ್ಲ.

ವಿದ್ವಾಂಸರಿಗೆ ಅಷ್ಟೇ ಸಾಕಾಯಿತು. ಬುದ್ಧನ ನಿರ್ವಾಣವಾಗಿ 256 ವರ್ಷ ಎಂದರು ಬ್ಯೂಲರ್. ಅದು ನಿಜವಾಗಿದ್ದರೆ ಬುದ್ಧನ ಕಾಲವನ್ನೇ ಈ ಬಂಡೆಯಿಂದ ಲೆಕ್ಕ ಹಾಕಬಹುದಿತ್ತು! ಆಮೇಲೆ ಎಫ್. ಡಬ್ಲ್ಯೂ. ಥಾಮಸ್ ಬಿಹಾರದ ಸಹಸ್ರಾಮದಲ್ಲಿರುವ ಇದೇ ಶಾಸನದ ಪ್ರತಿಯನ್ನು ಓದಿ, ಅಲ್ಲಿ ಸಂಖ್ಯೆಯ ಜೊತೆ ‘ರಾತ್ರಿ’ ಎಂಬರ್ಥದ ಪದ ಇರುವುದನ್ನು ತೋರಿಸಿದರು. ಅಂದರೆ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಎರಡೂವರೆ ಶತಮಾನ ಅಂದುಕೊಂಡದ್ದು ಒಂಬತ್ತು ತಿಂಗಳೂ ಅಲ್ಲ.

ಈ ಕಥೆ ನನಗೆ ನೆನಪಾಗಿದ್ದು ಬೆಂಗಳೂರಿನ ಆಫೀಸಿನಲ್ಲಿ, ರಾತ್ರಿ ಹತ್ತು ಗಂಟೆಗೆ. ರೈತರ ಬೆಳೆ ವಿಮೆ ಅರ್ಜಿಗಳ ಡೇಟಾ ಅದು. ಕೊನೇ ದಿನ 05-08-2023. ಜುಲೈ 28ಕ್ಕೇ ಬಂದ ಅರ್ಜಿ ‘ತಡವಾಗಿದೆ’ ಅಂತ ಹೊರಬೀಳುತ್ತಿತ್ತು. ಬರೆದವನು ನಾನೇ. ದಿನಾಂಕವನ್ನು ಬರೀ ಅಕ್ಷರದ ಸಾಲಾಗಿ ಹೋಲಿಸಿದ್ದೆ. ‘28’ರ 2, ‘05’ರ ಸೊನ್ನೆಗಿಂತ ದೊಡ್ಡದಲ್ಲವೇ? ಹಿರಿಯೂರಿನ ಶೇಂಗಾ ರೈತನ ಪರಿಹಾರ ಒಂದು ಸೊನ್ನೆಯಿಂದ ತಪ್ಪಬಹುದಿತ್ತು.

ತಪ್ಪಿನ ಬೇರು ಜೇಸನ್‌ನಲ್ಲೇ ಇದೆ. ಅದರಲ್ಲಿ ಅಕ್ಷರ, ಸಂಖ್ಯೆ, ನಿಜ–ಸುಳ್ಳು, ಖಾಲಿ, ಪಟ್ಟಿ, ಆಬ್ಜೆಕ್ಟ್ ಇಷ್ಟೇ. ದಿನಾಂಕಕ್ಕೆ ಜಾಗವೇ ಇಲ್ಲ. ರಿಲೇಷನಲ್ ಡೇಟಾಬೇಸ್‌ಗಳಲ್ಲಿ ಮಾತ್ರ ದಿನಾಂಕಕ್ಕೆ ಸಾಮಾನ್ಯವಾಗಿ ಸ್ವಂತ ಟೈಪ್ ಇರುತ್ತೆ. ಇವೆರಡಕ್ಕೂ ಸೇತುವೆ ಕಟ್ಟಿದ್ದು 2016ರ ಎಸ್‌ಕ್ಯೂಎಲ್ ಮಾನದಂಡ: ಜೇಸನ್ ಒಳಗೆ ಹುಡುಕುವ ಪಾತ್ ಭಾಷೆಗೆ ‘ಡೇಟ್‌ಟೈಮ್’ ಎಂಬ ವಿಧಾನ ಕೊಟ್ಟಿತು. ಪೋಸ್ಟ್‌ಗ್ರೆಸ್‌ನಲ್ಲಿ ಪಾತ್ ಭಾಷೆ 2019ರ 12ನೇ ಆವೃತ್ತಿಗೆ ಬಂತು, ಡೇಟ್‌ಟೈಮ್ 2020ರ 13ಕ್ಕೆ. ದಿನಾಂಕ, ಸಮಯಗಳಿಗೆ ಬೇರೆಬೇರೆ ವಿಧಾನಗಳು ಬರಲು 2024ರ 17ನೇ ಆವೃತ್ತಿವರೆಗೆ ಕಾಯಬೇಕಾಯಿತು.

ಟೈಮ್ ಜೋನ್ ಇನ್ನೊಂದು ತಲೆನೋವು. ಜೋನ್ ಹೇಳದ ಸಮಯವನ್ನು ಜೋನ್ ಇರುವುದರ ಜೊತೆ ಹೋಲಿಸಿದರೆ ಉತ್ತರ ಸೆಷನ್‌ನ ಸೆಟಿಂಗ್ ಮೇಲೆ ನಿಂತಿರುತ್ತೆ. ಅದಕ್ಕೇ ಪೋಸ್ಟ್‌ಗ್ರೆಸ್ ಮಾಮೂಲಿ ಫಂಕ್ಷನ್‌ನಲ್ಲಿ ಅದನ್ನು ಒಪ್ಪುವುದಿಲ್ಲ, ಆ ಕೆಲಸಕ್ಕೆ ಬೇರೆ ಫಂಕ್ಷನ್ ಇಟ್ಟಿದೆ. ಊಹೆ ಮಾಡುವುದಿದ್ದರೆ ತಿಳಿದೇ ಮಾಡು ಅನ್ನೋ ಹಾಗೆ.

ನಮ್ಮ ಶಾಸನ ಕೊರೆದವರು ಮುಂದೆ ಜಾಣರಾದರು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಬರೆದರು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತೆ. ಸ್ವಾಮಿಕಣ್ಣು ಪಿಳ್ಳೆಯವರ 1922ರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಅವನ್ನು ಇಂದಿಗೂ ತಾಳೆ ನೋಡಬಹುದು.

ಆ ರಾತ್ರಿ ನಾನು ಕ್ವೆರಿಗೆ ದಿನ-ತಿಂಗಳು-ವರ್ಷದ ಮಾದರಿ ಕೊಟ್ಟು, ಎರಡೂ ಕಡೆ ದಿನಾಂಕವನ್ನಾಗಿ ಮಾಡಿ ಹೋಲಿಸಿದೆ. ಅರ್ಜಿ ಒಳಗೆ ಬಂತು. ಮುಂದೆ ಯಾರಾದರೂ ನಮ್ಮ ಡೇಟಾ ಅಗೆದು ನೋಡುವಾಗ, ಪಕ್ಕದಲ್ಲಿ ಸಹಸ್ರಾಮದಂಥ ಇನ್ನೊಂದು ಬಂಡೆ ಇರಲ್ಲ.